ನಾಲ್ಕೂಮುಕ್ಕಾಲು ಲೀಟರ್

ನಾಲ್ಕನೇ ಸೆಮ್ ಎಕ್ಸಾಮ್ ಮುಗಿಸಿ ಊರಿಗೆ ಹೋದ ದಿನ ರಾತ್ರಿ ಊಟಕ್ಕೆ ಕೂತಾಗ ಅಪ್ಪ ಕೇಳಿದ್ದು ಪೇಪರ್ ಹೇಗಾಯ್ತು ಅಂತ ಅಲ್ಲ. "ಎಂಜಿನ್ ಬಗ್ಗೆನೇ ಅಲ್ವೇನೋ ನೀನು ಓದ್ತಿರೋದು? ಗಾಡಿ ಯಾಕೋ ಸಿಕ್ಕಾಪಟ್ಟೆ ಡೀಸೆಲ್ ಕುಡೀತಿದೆ. ಏನು ಅಂತ ಒಂದ್ಸಲ ನೋಡು" ಅಂದ್ರು.

ಗಾಡಿ ಅಂದ್ರೆ ನಮ್ಮ 2006ರ ಟಾಟಾ 207 ಡಿಐ ಪಿಕಪ್. ಹಾಸನದ ಹತ್ತಿರದ ನಮ್ಮೂರಿನ ಸುತ್ತಮುತ್ತ ಬೆಳೆಯೋ ಬೀನ್ಸು, ಕೋಸು, ಟೊಮೆಟೊ ಎಲ್ಲಾ ಸಂಜೆ ತುಂಬಿಕೊಂಡು, ರಾತ್ರಿ ಶಿರಾಡಿ ಘಾಟಿ ಇಳಿದು, ಬೆಳಕು ಹರಿಯೋ ಮುಂಚೆ ಮಂಗಳೂರಿನ ಮಾರ್ಕೆಟ್ಟಿಗೆ ಮುಟ್ಟಿಸೋದು ಅದರ ಕೆಲಸ. ವಾರಕ್ಕೆ ಮೂರು ಟ್ರಿಪ್. ಹೋಗಿ ಬರೋಕೆ 350 ಕಿಲೋಮೀಟರ್. ಆ ಗಾಡಿಯ ದುಡಿಮೆಯಲ್ಲೇ ನನ್ನ ಕಾಲೇಜ್ ಫೀಸು, ತಂಗಿಯ ಪಿಯುಸಿ ಟ್ಯೂಷನ್ನು. ಎಂಜಿನ್ ಮೂರು ಲೀಟರಿಗಿಂತ ಚೂರು ಕಡಿಮೆ. ಡಿಐ ಅಂದ್ರೆ ಡೈರೆಕ್ಟ್ ಇಂಜೆಕ್ಷನ್. ಆದ್ರೆ ನಾವು ಕ್ಲಾಸಲ್ಲಿ ಓದೋ ಕಾಮನ್ ರೈಲು, ಇಸಿಯು, ಸೆನ್ಸರು ಯಾವುದೂ ಇಲ್ಲ. ಮೆಕ್ಯಾನಿಕಲ್ ಪಂಪು, ಅದಕ್ಕೊಂದು ಗವರ್ನರ್, ಅಷ್ಟೇ. ಲ್ಯಾಪ್‌ಟಾಪ್ ಸಿಕ್ಕಿಸಿ ಎರರ್ ಕೋಡ್ ಓದೋಣ ಅಂದ್ರೆ ಸಿಕ್ಕಿಸೋಕೆ ಜಾಗವೇ ಇಲ್ಲ.

ಅಪ್ಪ ಬಾಯಿಬಿಟ್ಟು ಹೇಳದೇ ಇದ್ದ ಮಾತನ್ನ ಅಮ್ಮ ಪಾತ್ರೆ ತೊಳೀತಾ ಹೇಳಿದ್ರು. "ಗಾಡಿ ಕುಡೀತಿದ್ಯೋ, ಇನ್ಯಾರಾದ್ರೂ ಕುಡೀತಿದಾರೋ ಅಂತ ನಿಮ್ಮಪ್ಪಂಗೆ ಅನುಮಾನ."

ಇನ್ಯಾರಾದ್ರೂ ಅಂದ್ರೆ ಡ್ರೈವರಣ್ಣ. ಹನ್ನೊಂದು ವರ್ಷದಿಂದ ನಮ್ಮನೆ ಗಾಡಿ ಓಡಿಸ್ತಿರೋರು. ಮಳೆಗಾಲದಲ್ಲಿ ಸ್ಕೂಲ್ ಬಸ್ ತಪ್ಪಿದಾಗ ನನ್ನನ್ನ ಕ್ರೇಟುಗಳ ಪಕ್ಕ ಕೂರಿಸಿಕೊಂಡು ಬಿಟ್ಟು ಬರ್ತಿದ್ದೋರು. ಹೈವೇಲಿ ಗಾಡಿ ನಿಲ್ಲಿಸಿ ಟ್ಯಾಂಕಿಂದ ನಾಲ್ಕೈದು ಲೀಟರ್ ಕ್ಯಾನಿಗೆ ಇಳಿಸಿ ಮಾರೋದು ಲೋಕದಲ್ಲಿ ಇಲ್ಲದ್ದೇನಲ್ಲ. ಆದ್ರೆ ಇವರು ಹಾಗೆ ಮಾಡ್ತಾರೆ ಅಂತ ಯೋಚನೆ ಮಾಡೋಕೂ ನಂಗೆ ಕಷ್ಟ ಆಯ್ತು. ಸರಿ, ಲೆಕ್ಕ ಹಾಕಿದ್ರೆ ಗೊತ್ತಾಗುತ್ತಲ್ಲ, ನಂಬರ್ ಸುಳ್ಳು ಹೇಳಲ್ಲ ಅಂದ್ಕೊಂಡೆ.

ಮೊದಲು ಅಳತೆ ಸರಿಮಾಡಬೇಕಿತ್ತು. ನಮ್ಮ ಕಡೆ ಮೈಲೇಜ್ ಅಂದ್ರೆ ಒಂದು ಥರಾ ನಂಬಿಕೆ. ಯಾರೂ ಅಳೆಯಲ್ಲ, ಎಲ್ಲರೂ ಹೇಳ್ತಾರೆ. ಸಾವಿರ ರೂಪಾಯಿಗೆ ಹಾಕಿಸಿದ್ದು, ಮುಳ್ಳು ಇಷ್ಟು ಇಳೀತು, ಹಾಗಾಗಿ ಹತ್ತು ಬಂತು! ನಾನು ಒಂದು ನೋಟ್‌ಬುಕ್ ತಂದು ಡ್ಯಾಶ್‌ಬೋರ್ಡ್ ಮೇಲಿಟ್ಟೆ. ಹೊರಡೋ ಮುಂಚೆ ಟ್ಯಾಂಕ್ ಫುಲ್, ಬಂದ ಮೇಲೆ ಅದೇ ಬಂಕಿನ ಅದೇ ಪಂಪಲ್ಲಿ ಮತ್ತೆ ಫುಲ್. ಡೀಸೆಲ್ ನೊರೆ ಬರುತ್ತೆ, ಮೊದಲ ಸಲ ನಾಜಲ್ ಕಟ್ ಆದಾಗ ಟ್ಯಾಂಕ್ ತುಂಬಿರಲ್ಲ. ಎರಡು ನಿಮಿಷ ಬಿಟ್ಟು ನೊರೆ ಇಳಿದ ಮೇಲೆ ಮತ್ತೆ ತುಂಬಿಸಬೇಕು. ಗಾಡಿ ಸಮತಟ್ಟಾಗಿ ನಿಂತಿರಬೇಕು. ಓಡೋಮೀಟರನ್ನೂ ನಂಬಲಿಲ್ಲ. ಹೆದ್ದಾರಿಯ ಕಿಲೋಮೀಟರ್ ಕಲ್ಲು ನೋಡ್ಕೊಂಡು 20 ಕಿಲೋಮೀಟರ್ ಓಡಿಸಿ ಹೋಲಿಸಿದೆ. ಪರವಾಗಿಲ್ಲ, ಸರಿಯಾಗೇ ಇತ್ತು.

ಮೊದಲ ಎರಡು ಟ್ರಿಪ್ಪಿನ ಸರಾಸರಿ 38 ಲೀಟರ್. ಅಂದ್ರೆ ಲೀಟರಿಗೆ 9.2. ಅಪ್ಪನ ಹಳೇ ಲೆಕ್ಕದ ಪುಸ್ತಕ ತೆಗೆದು ನೋಡಿದ್ರೆ ಎರಡು ವರ್ಷದ ಹಿಂದೆ ಇದೇ ರೂಟಲ್ಲಿ 11ರ ಹತ್ತಿರ ಬರ್ತಿತ್ತು. 11 ಬಂದ್ರೆ 31.8 ಲೀಟರ್ ಸಾಕು. ಪ್ರತಿ ಟ್ರಿಪ್ಪಿಗೆ ಆರು ಲೀಟರಿಗಿಂತ ಹೆಚ್ಚು ಎಲ್ಲೋ ಹೋಗ್ತಿದೆ. ಲೀಟರಿಗೆ ತೊಂಬತ್ತರ ಆಸುಪಾಸಲ್ಲಿ ತಿಂಗಳಿಗೆ ಎಷ್ಟಾಯ್ತು ಅಂತ ನೀವೇ ಗುಣಿಸಿಕೊಳ್ಳಿ.

ಆಮೇಲೆ ನಾನು ಮಾಡಿದ್ದೆಲ್ಲಾ ಬರೆದ್ರೆ ನಮ್ಮ ಡಿಪಾರ್ಟ್‌ಮೆಂಟಿಗೆ ಅವಮಾನ. ಆದ್ರೂ ಬರೀತೀನಿ. ಆನ್‌ಲೈನಲ್ಲಿ 1,200 ರೂಪಾಯಿಗೆ ಡೀಸೆಲ್ ಪೈಪಿಗೆ ಕಟ್ಟೋ ಮ್ಯಾಗ್ನೆಟ್ ತರಿಸಿದೆ. ಇಂಧನದ ಅಣುಗಳನ್ನ ಸಾಲಾಗಿ ನಿಲ್ಲಿಸುತ್ತಂತೆ, ಅಸೆಂಬ್ಲಿ ಪ್ರೇಯರಿಗೆ ನಿಲ್ಲಿಸೋ ಹಾಗೆ. ಎರಡು ಟ್ರಿಪ್ ಆದ ಮೇಲೂ ಅದೇ 38. ಕಟ್ಟೋ ಮುಂಚೆ ಹುಡುಕಬೇಕಾಗಿದ್ದನ್ನ ಕಟ್ಟಿದ ಮೇಲೆ ಹುಡುಕಿದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ 'ಇಂಧನ ಉಳಿಸೋ' ಸಾಧನಗಳನ್ನ ನೂರಕ್ಕೂ ಹೆಚ್ಚು ಪರಿಶೀಲಿಸಿದೆಯಂತೆ, ಅದರಲ್ಲಿ ಸ್ವಲ್ಪವಾದರೂ ಉಪಯೋಗಕ್ಕೆ ಬಂದದ್ದು ಬೆರಳೆಣಿಕೆಯಷ್ಟು. ಆ ಮ್ಯಾಗ್ನೆಟ್ ಈಗ ನಮ್ಮನೆ ಫ್ರಿಜ್ ಮೇಲೆ ಕರೆಂಟ್ ಬಿಲ್ ಹಿಡ್ಕೊಂಡಿದೆ.

ಮುಂದಿನ ಐಡಿಯಾ ಹಿಂಬಾಗಿಲು. ಮಂಗಳೂರಿಂದ ಖಾಲಿ ಬರುವಾಗ ಹಿಂದಿನ ಬಾಗಿಲು ಇಳಿಸಿಕೊಂಡು ಬಂದ್ರೆ ಗಾಳಿ ಸಲೀಸಾಗಿ ಹೋಗುತ್ತೆ, ಮೈಲೇಜ್ ಬರುತ್ತೆ ಅಂತ ನಮ್ಮೂರಲ್ಲಿ ಎಲ್ಲರೂ ಹೇಳ್ತಾರೆ. ಅಮೆರಿಕದ ದೊಡ್ಡ ಪಿಕಪ್ಪಿನವರೂ ಇದನ್ನೇ ನಂಬಿದ್ರು. 'ಮಿತ್‌ಬಸ್ಟರ್ಸ್' ಕಾರ್ಯಕ್ರಮದಲ್ಲಿ ಎರಡು ಪಿಕಪ್ ತಗೊಂಡು ಇದನ್ನ ಪರೀಕ್ಷೆ ಮಾಡಿದಾಗ ಬಾಗಿಲು ಮುಚ್ಚಿದ ಗಾಡಿನೇ ಹೆಚ್ಚು ದೂರ ಓಡಿತ್ತು. ಬಾಗಿಲು ಮುಚ್ಚಿದ್ರೆ ಹಿಂದಿನ ತೊಟ್ಟಿಯೊಳಗೆ ಗಾಳಿ ಒಂದು ಸುಳಿಯಾಗಿ ತಿರುಗ್ತಾ ಕೂತುಬಿಡುತ್ತೆ, ಮೇಲಿನ ಗಾಳಿ ಆ ಸುಳಿ ಮೇಲೆ ಜಾರಿಕೊಂಡು ಹೋಗುತ್ತೆ. ಬಾಗಿಲು ಇಳಿಸಿದ್ರೆ ಆ ಸುಳಿ ಒಡೆಯುತ್ತೆ. ನಮ್ಮ ಗಾಡಿಗೆ ಇದು ಪೂರ್ತಿ ಅನ್ವಯಿಸಲ್ಲ ಬಿಡಿ, ಯಾಕಂದ್ರೆ ಅಪ್ಪ ಬಾಡಿ ಮೇಲೆ ಆಳೆತ್ತರದ ಕಬ್ಬಿಣದ ಜಾಲರಿ ವೆಲ್ಡ್ ಮಾಡಿಸಿದ್ದಾರೆ. ಏರೋಡೈನಾಮಿಕ್ಸ್ ಮೇಷ್ಟ್ರು ಅದನ್ನ ನೋಡಿದ್ರೆ ಕಣ್ಣೀರು ಹಾಕ್ತಾರೆ. ಅದನ್ನ ತೆಗೆಸೋಣ ಅಂದೆ. "ಕ್ರೇಟು ಎಲ್ಲಿಡ್ಲಿ, ನಿನ್ ತಲೆ ಮೇಲಾ?" ಅಂದ್ರು ಅಪ್ಪ.

ಕೆಲಸಕ್ಕೆ ಬಂದದ್ದು ಮೂರು, ಮೂರೂ ಸಪ್ಪೆ. ಟೈರು: ನಾಲ್ಕರಲ್ಲೂ ಗಾಳಿ ಕಡಿಮೆ, ಒಂದರಲ್ಲಿ ಇರಬೇಕಾದ್ದಕ್ಕಿಂತ 12 ಪಿಎಸ್‌ಐ ಕಡಿಮೆ. ಏರ್ ಫಿಲ್ಟರ್: ತೆಗೆದು ಕುಟ್ಟಿದ್ರೆ ಅರ್ಧ ಹಾಸನ ಜಿಲ್ಲೆಯ ಮಣ್ಣು. ಇದರಲ್ಲೂ ಒಂದು ತಮಾಷೆ ಇದೆ. ಓಕ್ ರಿಡ್ಜ್ ನ್ಯಾಷನಲ್ ಲ್ಯಾಬೊರೇಟರಿಯವರು 2009ರಲ್ಲಿ ಪರೀಕ್ಷೆ ಮಾಡಿ, ಹೊಸ ಕಾಲದ ಪೆಟ್ರೋಲ್ ಕಾರುಗಳಲ್ಲಿ ಫಿಲ್ಟರ್ ಕಟ್ಟಿಕೊಂಡರೆ ಪಿಕಪ್ ಕಡಿಮೆಯಾಗುತ್ತೆ ಹೊರತು ಮೈಲೇಜ್ ಬೀಳಲ್ಲ ಅಂತ ತೋರಿಸಿದ್ದಾರೆ. ಅಲ್ಲಿ ಗಾಳಿ ಎಷ್ಟು ಬಂತು ಅಂತ ಕಂಪ್ಯೂಟರ್ ಅಳೆದು ಅಷ್ಟಕ್ಕೆ ತಕ್ಕಷ್ಟೇ ಪೆಟ್ರೋಲ್ ಬಿಡುತ್ತೆ. ನಮ್ಮ 207ರ ಪಂಪಿಗೆ ಗಾಳಿಯ ಚಿಂತೆನೇ ಇಲ್ಲ. ಪೆಡಲ್ ಕೇಳಿದಷ್ಟು ಡೀಸೆಲ್ ಚೆಲ್ಲುತ್ತೆ, ಉರಿಯೋಕೆ ಗಾಳಿ ಸಾಲದೇ ಇದ್ರೆ ಕಪ್ಪು ಹೊಗೆಯಾಗಿ ಹೊರಗೆ ಹೋಗುತ್ತೆ. ಮೂರನೇದು ವೇಗ. ಖಾಲಿ ಬರುವಾಗ 80ರ ಬದಲು 60. ಗಾಳಿಯ ಎಳೆತ ವೇಗದ ವರ್ಗದಷ್ಟು ಏರೋದರಿಂದ 60ರಲ್ಲಿ ಇರೋದಕ್ಕಿಂತ 80ರಲ್ಲಿ ಅದು ಸುಮಾರು 1.8 ಪಟ್ಟು. ನಮ್ಮ ಜಾಲರಿಗಂತೂ ಇದು ತಮಾಷೆಯ ವಿಷಯ ಅಲ್ಲ.

ಇಷ್ಟೆಲ್ಲಾ ಆದ ಮೇಲೆ 36.5 ಲೀಟರ್. ಲೀಟರಿಗೆ 9.6. ಇನ್ನೂ 4.7 ಲೀಟರ್ ಕಾಣೆ.

ಇಲ್ಲಿ ನಾನು ಮಾಡಿದ ಕೆಲಸ ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಏನೋ ಆಗುತ್ತೆ. ಎಕ್ಸೆಲ್ ಶೀಟ್ ಮಾಡಿದೆ. ಒಂದು ಕಾಲಮಲ್ಲಿ ಟೈರು, ಇನ್ನೊಂದರಲ್ಲಿ ಫಿಲ್ಟರು, ಮತ್ತೊಂದರಲ್ಲಿ ವೇಗ. ಕೊನೇ ಕಾಲಮ್ಮಿಗೆ 'ವಿವರಣೆ ಇಲ್ಲದ್ದು: 4.7' ಅಂತ ಬರೆದು, ಕೆಂಪು ಬಣ್ಣ ಹಚ್ಚಿ ಅಪ್ಪನಿಗೆ ತೋರಿಸಿದೆ. "ಎಂಜಿನ್ ಕಡೆಯಿಂದ ಇಷ್ಟೇ ಸಾಧ್ಯ ಅಪ್ಪ. ಇನ್ನುಳಿದಿದ್ದು ಗಾಡಿದಲ್ಲ" ಅಂದೆ. ಕಳ್ಳತನ ಅನ್ನೋ ಪದ ನನ್ನ ಬಾಯಿಂದ ಬರಲಿಲ್ಲ ನಿಜ. ಬರಬೇಕಾಗೂ ಇರಲಿಲ್ಲ. ಓದಿದ ಮಗ ಹೇಳ್ತಿದಾನೆ ಅಂದ ಮೇಲೆ ಅಪ್ಪನಿಗೆ ಅಷ್ಟು ಸಾಕಿತ್ತು.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಅಪ್ಪ ಡ್ರೈವರಣ್ಣನ ಹತ್ರ ಮಾತಾಡಿದ್ರು. ಜೋರೇನೂ ಮಾಡಲಿಲ್ಲ. "ಹುಡುಗ ಲೆಕ್ಕ ಹಾಕವ್ನೆ. ಇನ್ಮೇಲೆ ಒಂದು ಟ್ರಿಪ್ಪಿಗೆ ಮೂವತ್ತೈದರ ಮೇಲೆ ಹೋದ್ರೆ ನಿನ್ ಸಂಬಳದಲ್ಲಿ ಹಿಡೀತೀನಿ" ಅಂದ್ರು. ನಾನು ಜಗಲಿ ಮೇಲೆ ಫೋನ್ ನೋಡೋ ಹಾಗೆ ನಟಿಸ್ತಾ ಕೂತಿದ್ದೆ. ಡ್ರೈವರಣ್ಣ ಸುಮಾರು ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಯಜಮಾನ್ರೆ, ಗಾಡಿ ಬಿಗಿ ಹಿಡ್ದೈತೆ ಅಂತ ಯುಗಾದಿಯಿಂದ ಹೇಳ್ತಾ ಇವ್ನಿ" ಅಂದ್ರು. ಅಷ್ಟೇ. ಅದನ್ನ ನಾನೂ ಕೇಳಿಸ್ಕೊಂಡೆ. ನೆಪ ಅಂದ್ಕೊಂಡೆ.

ಮುಂದಿನ ಮೂರು ಟ್ರಿಪ್ಪಲ್ಲಿ 36.3, 36.6, 36.2. ನೋಟ್‌ಬುಕ್ಕಲ್ಲಿ ಅವರ ಅಕ್ಷರ ಮೊದಲಿಗಿಂತ ದುಂಡಗಾಗಿತ್ತು, ಪರೀಕ್ಷೆ ಬರೆಯೋ ಮಕ್ಕಳ ಥರ. ಅಂಕಿ ಮಾತ್ರ ಅಲ್ಲಾಡಲಿಲ್ಲ. ನಾಲ್ಕನೇ ಟ್ರಿಪ್ಪಿಗೆ ನಾನೂ ಹತ್ತಿದೆ. ಜೊತೆಗೆ ಬರ್ತೀನಿ ಅಂದೆ; ಕಾವಲಿಗೆ ಬರ್ತೀನಿ ಅಂತ ಇಬ್ಬರಿಗೂ ಗೊತ್ತಿತ್ತು.

ಸಕಲೇಶಪುರ ದಾಟುವಾಗ ರಾತ್ರಿ ಒಂದು ಗಂಟೆ ಮೇಲಾಗಿತ್ತು. ದೋಣಿಗಾಲ್ ಬಿಟ್ಟು ಇಳಿಜಾರು ಶುರುವಾದ ಕೂಡಲೇ ಡ್ರೈವರಣ್ಣ ಗೇರು ತೆಗೆದು ನ್ಯೂಟ್ರಲ್ ಮಾಡಿದ್ರು. ಎಂಜಿನ್ ಸದ್ದು ಇದ್ದಕ್ಕಿದ್ದ ಹಾಗೆ ತಗ್ಗಿತು. ಗಾಡಿ ತನ್ನಷ್ಟಕ್ಕೆ ಜಾರೋಕೆ ಶುರುವಾಯ್ತು. ಹಿಂದೆ ಒಂದೂಕಾಲು ಟನ್ ತರಕಾರಿ, ಎದುರಿಗೆ ಟ್ಯಾಂಕರ್‌ಗಳ ಲೈಟು, ರಸ್ತೆ ಒದ್ದೆ. ತಿರುವು ಬಂದಾಗೆಲ್ಲಾ ಬ್ರೇಕು, ಬಿಟ್ಟ ಕೂಡಲೇ ಮತ್ತೆ ವೇಗ.

"ಅಣ್ಣಾ, ನ್ಯೂಟ್ರಲಲ್ಲಿ ಯಾಕೆ ಇಳಿಸ್ತಿದ್ದೀರಾ?"

"ನೀನೇ ಅಲ್ವಾ ತಮ್ಮಾ ಲೆಕ್ಕ ಬರೆಯೋಕೆ ಪುಸ್ತಕ ಇಟ್ಟಿದ್ದು? ಡೀಸೆಲ್ ಉಳೀಲಿ ಅಂತ."

"ಮೊದಲೂ ಹೀಗೇ ಇಳಿಸ್ತಿದ್ರಾ?"

"ಮನೇಲಿ ಹೆಂಡ್ತಿ ಮಕ್ಕಳವ್ರೆ. ಯಾವತ್ತಾದ್ರೂ ಇಳಿಸ್ತೀನಾ?"

ಆಮೇಲೆ ಅವರೇ ನನ್ನ ಮುಖ ನೋಡಿ ಮೂರನೇ ಗೇರಿಗೆ ಹಾಕಿದ್ರು. ನಂಗೆ ಮಾತು ಬರಲಿಲ್ಲ. ಗೊತ್ತಿರೋ ವಿಷಯ ಹೇಳೋದು ಸುಲಭ ಅಂತ ಅದನ್ನೇ ಹೇಳಿದೆ. ಗೇರಲ್ಲಿ ಇಳಿಸುವಾಗ ಆಕ್ಸಿಲರೇಟರಿಂದ ಕಾಲು ತೆಗೆದ್ರೆ ಚಕ್ರವೇ ಎಂಜಿನ್ನನ್ನ ತಿರುಗಿಸುತ್ತೆ. ಐಡಲಿಗಿಂತ ಜೋರಾಗಿ ತಿರುಗ್ತಿರೋದನ್ನ ನೋಡಿ ಗವರ್ನರ್ ಡೀಸೆಲ್ ಪೂರ್ತಿ ಮುಚ್ಚಿಬಿಡುತ್ತೆ. ನ್ಯೂಟ್ರಲ್ ಮಾಡಿದ್ರೆ ಎಂಜಿನ್ ಆರಿಹೋಗದೆ ಇರೋಕೆ ಐಡಲಿಗೆ ಬೇಕಾದ ಡೀಸೆಲ್ ಕುಡೀತಾನೇ ಇರುತ್ತೆ. ಅಂದ್ರೆ ಕಡಿದಾದ ಘಾಟಿಯಲ್ಲಿ ನ್ಯೂಟ್ರಲ್ ಉಳಿತಾಯ ಅಲ್ಲ, ಖರ್ಚು. ಎಂಜಿನ್ನೇ ಆಫ್ ಮಾಡಿದ್ರಂತೂ ಬ್ರೇಕಿಗೆ ಬಲ ಕೊಡೋ ವ್ಯಾಕ್ಯೂಮ್ ನಾಲ್ಕು ಸಲ ಪೆಡಲ್ ತುಳಿಯೋದ್ರೊಳಗೆ ಖಾಲಿ. ಮೂರು ಟನ್ ಹತ್ತಿರದ ಗಾಡಿ 800 ಮೀಟರ್ ಇಳಿದ್ರೆ ಬಿಡುಗಡೆಯಾಗೋ ಶಕ್ತಿ ಎಪ್ಪತ್ತು ಲೀಟರ್ ತಣ್ಣೀರು ಕುದಿಸೋಕೆ ಸಾಕು. ಗಾಳಿ, ಟೈರು ಒಂದಿಷ್ಟು ತಿಂದ್ರೂ, ಎಂಜಿನ್ ಹಿಡಿದುಕೊಳ್ಳದೇ ಇದ್ರೆ ಉಳಿದದ್ದೆಲ್ಲಾ ಬ್ರೇಕಿನ ಪಾಲು.

ಅವರು ಎಲ್ಲಾ ಕೇಳಿಸ್ಕೊಂಡು, "ಹಂಗಾದ್ರೆ ಮೂರು ಟ್ರಿಪ್ ಸುಮ್ನೆ ಜೀವ ಕೈಯಲ್ಲಿ ಹಿಡ್ಕಂಡು ಇಳ್ದೆ ಅನ್ನು" ಅಂದ್ರು. ಬೈದಿದ್ರೆ ಚೆನ್ನಾಗಿತ್ತು.

ಗುಂಡ್ಯದಲ್ಲಿ ಟೀ ಕುಡಿಯೋಕೆ ನಿಲ್ಲಿಸಿದಾಗ ಸುಟ್ಟ ವಾಸನೆ. ಘಾಟಿ ಇಳಿದ ಗಾಡಿಗೆ ಅದು ಇದ್ದದ್ದೇ ಅಂದ್ಕೊಂಡೆ. ಡ್ರೈವರಣ್ಣ ಟೀ ಲೋಟ ಹಿಡ್ಕೊಂಡೇ ಗಾಡಿ ಸುತ್ತ ಒಂದು ಸುತ್ತು ಬಂದು, ಪ್ರತಿ ಚಕ್ರದ ಹತ್ರ ಬಗ್ಗಿ, ಮುಟ್ಟದೆ, ಅಂಗೈ ಒಡ್ಡಿ ನೋಡಿದ್ರು. ಒಲೆ ಕಾವು ನೋಡೋ ಹಾಗೆ. "ಬಲಗಡೆ ಹಿಂದಿಂದು ಜಾಸ್ತಿ" ಅಂದ್ರು. ಇಳಿಜಾರಲ್ಲಿ ಎಲ್ಲವೂ ಕಾಯುತ್ತೆ, ಅದನ್ನ ಪುರಾವೆ ಅನ್ನೋಕಾಗಲ್ಲ ಅಂದೆ. ಆಯ್ತು ಬಾ ಅಂದ್ರು. ನೆಲ್ಯಾಡಿ, ಉಪ್ಪಿನಂಗಡಿ ದಾಟಿ, ಬ್ರೇಕ್ ಆದಷ್ಟು ಕಡಿಮೆ ತುಳಿದು ಓಡಿಸಿ, ಮತ್ತೆ ಪಕ್ಕಕ್ಕೆ ನಿಲ್ಲಿಸಿದ್ರು. ಈ ಸಲ ನಾನೇ ಇಳಿದು ಕೈ ಒಡ್ಡಿದೆ. ಮೂರು ಚಕ್ರ ಹೆಚ್ಚು ಕಮ್ಮಿ ತಣ್ಣಗಾಗಿದ್ವು. ಬಲಗಡೆ ಹಿಂದಿನದರ ಹತ್ರ ಅಂಗೈ ಎರಡು ಸೆಕೆಂಡ್ ನಿಲ್ಲಲಿಲ್ಲ.

ಗಾಡಿ ಬಿಗಿ ಹಿಡ್ದೈತೆ. ಯುಗಾದಿಯಿಂದ.

ಊರಿಗೆ ಬಂದ ಮೇಲೆ ನಿದ್ದೆ ಮಾಡದೆ ಕೆರೆ ಏರಿ ಆಚೆಗಿನ ನೇರ ರಸ್ತೆಗೆ ಖಾಲಿ ಗಾಡಿ ತಗೊಂಡು ಹೋದ್ವಿ. ಅಷ್ಟು ದಿನ ಮಾಡಬೇಕಾಗಿದ್ದ ಪರೀಕ್ಷೆ ಅದೊಂದೇ. ಗಾಡಿಯನ್ನ 50ಕ್ಕೆ ತಂದು, ನ್ಯೂಟ್ರಲ್ ಮಾಡಿ (ಸಮತಟ್ಟು ರಸ್ತೆ, ಯಾರೂ ಇಲ್ಲ, ಗಾಬರಿ ಬೇಡ), 45ರಿಂದ 35ಕ್ಕೆ ಇಳಿಯೋಕೆ ಎಷ್ಟು ಸೆಕೆಂಡ್ ಬೇಕು ಅಂತ ಸ್ಪೀಡೋಮೀಟರ್ ಮುಳ್ಳಿನ ವಿಡಿಯೊ ಮಾಡಿಕೊಳ್ಳೋದು. ಏರು, ತಗ್ಗು, ಗಾಳಿ ಕಳೆದುಹೋಗ್ಲಿ ಅಂತ ಎರಡೂ ದಿಕ್ಕಲ್ಲಿ ಮೂರು ಮೂರು ಸಲ. ಸರಾಸರಿ 10.2 ಸೆಕೆಂಡ್. ಗಾಡಿ ತೂಕ ನಾವಿಬ್ಬರೂ ಸೇರಿ ಸುಮಾರು 1,800 ಕೆಜಿ. ಎಫ್ ಈಕ್ವಲ್ಸ್ ಎಂ ಎ. ಒಟ್ಟು ಎಳೆತ 490 ನ್ಯೂಟನ್.

ಹಾಸನದ ಗ್ಯಾರೇಜಲ್ಲಿ ಜಾಕ್ ಹಾಕಿ ಎತ್ತಿದ್ರೆ ಆ ಚಕ್ರ ಕೈಯಲ್ಲಿ ತಿರುಗಲೇ ಇಲ್ಲ. ಹ್ಯಾಂಡ್‌ಬ್ರೇಕ್ ಕೇಬಲ್ ತುಕ್ಕು ಹಿಡಿದು ಪೂರ್ತಿ ಹಿಂದಕ್ಕೆ ಬರ್ತಿರಲಿಲ್ಲ, ವೀಲ್ ಸಿಲಿಂಡರಿನ ಪಿಸ್ಟನ್ನೂ ಜಾಮ್. ಬ್ರೇಕ್ ಶೂ ಸದಾ ಡ್ರಮ್ಮಿಗೆ ಉಜ್ಜಿಕೊಂಡೇ ಇತ್ತು. ಕೇಬಲ್ಲು, ಸಿಲಿಂಡರ್ ಕಿಟ್ಟು, ಹೊಸ ಶೂ, ಕೂಲಿ ಎಲ್ಲಾ ಸೇರಿ 3,400 ರೂಪಾಯಿ. ಮತ್ತೆ ಅದೇ ಕೆರೆ ರಸ್ತೆ. 14.6 ಸೆಕೆಂಡ್. 343 ನ್ಯೂಟನ್.

ವ್ಯತ್ಯಾಸ ಸುಮಾರು 150 ನ್ಯೂಟನ್. ಹದಿನೈದು ಕೆಜಿ ಭಾರ ಎತ್ತೋವಷ್ಟು, ಅಷ್ಟೇ. ಆದ್ರೆ 40ರ ವೇಗದಲ್ಲಿ ಅದು ಒಂದೂವರೆ ಕಿಲೋವ್ಯಾಟ್ ದಾಟುತ್ತೆ. ಹಾಸ್ಟೆಲ್ಲಲ್ಲಿ ವಾರ್ಡನ್ ಕಣ್ಣು ತಪ್ಪಿಸಿ ಬಕೆಟ್ಟಿಗೆ ಇಳಿಬಿಡೋ ಹೀಟರ್ ಕಾಯಿಲ್ ಇದೆಯಲ್ಲ, ಅದನ್ನ ಹಿಂದಿನ ಚಕ್ರದೊಳಗೆ ಇಟ್ಟು ಮಂಗಳೂರಿಗೆ ಹೋಗಿ ಬಂದ ಹಾಗೆ. 150 ನ್ಯೂಟನ್ನನ್ನ 350 ಕಿಲೋಮೀಟರಿಗೆ ಗುಣಿಸಿದ್ರೆ 5.25 ಕೋಟಿ ಜೂಲ್. ಒಂದು ಲೀಟರ್ ಡೀಸೆಲ್ಲಲ್ಲಿ ಇರೋದು ಸುಮಾರು 3.6 ಕೋಟಿ ಜೂಲ್, ಚಕ್ರಕ್ಕೆ ಮುಟ್ಟೋದು ಅದರಲ್ಲಿ ನೂರಕ್ಕೆ ಮೂವತ್ತು ಅಂತಿಟ್ಟುಕೊಳ್ಳಿ. ಭಾಗಿಸಿದ್ರೆ 4.9 ಲೀಟರ್. ಘಾಟಿ ಇಳಿಯೋ ದೂರ ಕಳೆದ್ರೆ ನಾಲ್ಕೂವರೆ ಹತ್ತಿರ.

ನಾನು ಕೆಂಪು ಬಣ್ಣ ಹಚ್ಚಿದ್ದ ಸಂಖ್ಯೆ 4.7.

ರಿಪೇರಿ ಆದ ಮೇಲಿನ ಮೊದಲ ಟ್ರಿಪ್ಪಿಗೆ 32.5 ಲೀಟರ್ ಹಿಡಿಯಿತು. ಲೀಟರಿಗೆ 10.8. ಅಪ್ಪನಿಗೆ ಲೆಕ್ಕ ತೋರಿಸಿದೆ. ಅವರು ಶೀಟ್ ಕಡೆ ಸರಿಯಾಗಿ ನೋಡಲೂ ಇಲ್ಲ. "ಬ್ರೇಕ್ ಕಾದು ಘಾಟಿಲಿ ಫೇಲ್ ಆಗಿದ್ರೆ?" ಅಂದ್ರು. ನನ್ನ ಶೀಟಲ್ಲಿ ಅದಕ್ಕೆ ಕಾಲಮ್ ಇರಲಿಲ್ಲ. ಸಂಜೆ ಡ್ರೈವರಣ್ಣ ಲೋಡಿಗೆ ಬಂದಾಗ ಅಪ್ಪ ಅವರನ್ನ ಒಳಗೆ ಕರೆದು ಊಟಕ್ಕೆ ಕೂರಿಸಿದ್ರು. ತಪ್ಪಾಯ್ತು ಅನ್ನೋ ಮಾತು ಅಪ್ಪನ ಬಾಯಿಂದ ಬರೋದಲ್ಲ. ಅಮ್ಮನಿಗೆ ಕಣ್ಣಲ್ಲೇ ಸನ್ನೆ ಮಾಡಿ ಇನ್ನೊಂದು ಮುದ್ದೆ ಹಾಕಿಸಿದ್ರು. ನಾನು ಗಾಡಿ ಹತ್ರ ಹೋಗಿ, ಟಾರ್ಪಾಲಿನ ಹಗ್ಗ ಎಳೆದು ಕಟ್ತಾ, "ಅಣ್ಣಾ, ನಾನು ಹಂಗೆ ಹೇಳಬಾರದಿತ್ತು" ಅಂದೆ. "ಆ ಕಡೆ ಹಗ್ಗ ಸಡ್ಲ ಐತೆ, ಇನ್ನೊಂಚೂರು ಎಳಿ" ಅಂದ್ರು.

ಐದನೇ ಸೆಮ್ಮಿಗೆ ಹಾಸ್ಟೆಲ್ಲಿಗೆ ಬಂದ ಮೇಲೂ ಅವರು ನೋಟ್‌ಬುಕ್ಕಿನ ಫೋಟೊ ವಾಟ್ಸಾಪಲ್ಲಿ ಕಳಿಸ್ತಾ ಇರ್ತಾರೆ. ನಾನು ಕೇಳಿಲ್ಲ. ದಿನಾಂಕ, ಕಿಲೋಮೀಟರ್, ಲೀಟರ್ ಅಂತ ನಾನು ಹಾಕಿದ್ದ ಮೂರು ಕಾಲಮ್ಮಿನ ಪಕ್ಕ ಈಗ ಸ್ಕೇಲಿಲ್ಲದೆ ಎಳೆದ ನಾಲ್ಕನೇ ಗೆರೆ ಇದೆ. ಅದರ ಕೆಳಗೆ ಗುಂಡ್ಯದಲ್ಲಿ ಟೀ ಕುಡಿಯೋಕೆ ನಿಂತಾಗ ಬರೆದದ್ದು: ಮುಂದೆ ಎರಡೂ ಬಿಸಿ, ಹಿಂದೆ ಎಡ ಬೆಚ್ಚಗೆ, ಹಿಂದೆ ಬಲ ಬೆಚ್ಚಗೆ.